ಇಪ್ಪತ್ತು ಉಸಿರಿನ ವಾರ್ಡು

ಸುಳ್ಳು ಅಂತೀರಾ? ಅನ್ನಿ, ಅನ್ನಿ. ಮೀಸೆಯಡಿಯಲ್ಲೇ ನಗಿ. ಆದರೆ ಸತ್ತ ಮನುಷ್ಯನೊಬ್ಬ ಮೂರು ಗಂಟೆ ಕಾಲ ನಿಮಿಷಕ್ಕೆ ಇಪ್ಪತ್ತು ಸಲದ ಲೆಕ್ಕದಲ್ಲಿ ಉಸಿರಾಡಿದ್ದು ನಿಜ. ನೀಲಿ ಶಾಯಿಯಲ್ಲಿ ಬರೆದಿದೆ, ಪಕ್ಕದಲ್ಲಿ ಸಹಿಯೂ ಇದೆ. ಬಾವಿಗೆ ಬಿದ್ದ ಎಮ್ಮೆಯನ್ನು ಕೊಡೆಯ ಹಿಡಿಕೆಯಿಂದ ಮೇಲೆತ್ತಿದ ಕಥೆ ಹೋದ ಸಲ ಹೇಳಿದ್ದೆನಲ್ಲ, ಅದರಲ್ಲಿ ಒಂದಿಷ್ಟು ಉಪ್ಪು ಖಾರ ಇತ್ತು, ಒಪ್ಪೋಣ. ಎಮ್ಮೆ ಅಲ್ಲ, ಕರು. ಆದರೆ ಇದರಲ್ಲಿ ಒಂದು ಹರಳು ಉಪ್ಪೂ ಇಲ್ಲ. ಬೆಳಿಗ್ಗೆ ಹನ್ನೊಂದಕ್ಕೆ ಪ್ರಾಣ ಹೋಯಿತು. ಹನ್ನೆರಡು ಗಂಟೆಯ ಚೌಕದಲ್ಲಿ ಉಸಿರು ಇಪ್ಪತ್ತು. ಎರಡು ಗಂಟೆಯ ಚೌಕದಲ್ಲೂ ಇಪ್ಪತ್ತು.

ಬರೆದವಳು ಯಾರು ಅಂತ ಕೇಳಿ. ಬೇರೆ ಯಾರೂ ಅಲ್ಲ, ನನ್ನ ಒಡಹುಟ್ಟಿದ ತಂಗಿ. ಊರಿಗೆಲ್ಲ ಅವಳು ಸಿಸ್ಟರ್. ಆಸ್ಪತ್ರೆಯ ಗೇಟಿನಲ್ಲಿ ಎಳನೀರು ಮಾರುವ ಎಂಬತ್ತು ವರ್ಷದ ಮುದುಕನೂ ಸಿಸ್ಟರ್ ಅಂತಲೇ ಕರೆಯುತ್ತಿದ್ದ. ನಿಜವಾಗಿ ಹಾಗೆ ಕರೆಯುವ ಹಕ್ಕಿರುವ ಒಬ್ಬನೇ ಒಬ್ಬನ ಮಾತನ್ನು ಮಾತ್ರ ಅವಳು ಇವತ್ತಿಗೂ ಕಿವಿಗೆ ಹಾಕಿಕೊಳ್ಳುವುದಿಲ್ಲ.

ಆಗ ಅವಳಿಗೆ ಇಪ್ಪತ್ತೆಂಟು. ದೊಡ್ಡಾಸ್ಪತ್ರೆಯ ಗಾಯಾಳುಗಳ ವಾರ್ಡಿನಲ್ಲಿ ಕೆಲಸ. ಆ ಆಸ್ಪತ್ರೆಯ ಕಾರಿಡಾರು ಎಷ್ಟು ಉದ್ದ ಅಂದರೆ, ಗೇಟಿನಲ್ಲಿ ಗಡ್ಡ ಹೆರೆಸಿಕೊಂಡು ಗಾಲಿಮಂಚದ ಮೇಲೆ ಮಲಗಿದವನಿಗೆ ವಾರ್ಡು ತಲುಪುವಷ್ಟರಲ್ಲಿ ಮತ್ತೆ ಕ್ಷೌರ ಬೇಕಾಗುತ್ತಿತ್ತು. ವಾರ್ಡಿನಲ್ಲಿ ಹದಿನಾರು ಮಂಚ, ಇಬ್ಬರು ನರ್ಸು. ಒಬ್ಬೊಬ್ಬರ ಕಾಲ ಬುಡದಲ್ಲೂ ಹಲಗೆಗೆ ಸಿಕ್ಕಿಸಿದ ಒಂದು ಚಾರ್ಟು. ಎರಡೆರಡು ಗಂಟೆಗೊಮ್ಮೆ ಅದರಲ್ಲಿ ನಾಲ್ಕು ಚೌಕ ತುಂಬಬೇಕು: ಜ್ವರ, ನಾಡಿ, ಬಿ.ಪಿ., ಉಸಿರು. ಜ್ವರಕ್ಕೆ, ಬಿ.ಪಿ.ಗೆ ಕೊಳವೆಯೋ ಯಂತ್ರವೋ ಇತ್ತು, ನಾಡಿ ಬೆರಳಿಗೆ ಸಿಗುತ್ತಿತ್ತು. ಉಸಿರಿಗೆ ಮಾತ್ರ ಏನೂ ಇಲ್ಲ. ಮನುಷ್ಯನ ಎದೆ ನೋಡುತ್ತಾ ಪೂರ್ತಿ ಒಂದು ನಿಮಿಷ ನಿಲ್ಲಬೇಕು. ಹದಿನಾರು ಮಂಚಕ್ಕೆ ಹದಿನಾರು ನಿಮಿಷ. ಯಾರ ಹತ್ತಿರ ಇದೆ ಹದಿನಾರು ನಿಮಿಷ? ಅದಕ್ಕೇ ಎಲ್ಲರೂ ಇಪ್ಪತ್ತು ಅಂತ ಬರೆಯುತ್ತಿದ್ದರು. ತಲೆ ಒಡೆದವನಿಗೂ ಇಪ್ಪತ್ತು, ಕಾಲು ಮುರಿದವನಿಗೂ ಇಪ್ಪತ್ತು. ಕೈ ಬಿಡುವಾದ ಬೆಳಿಗ್ಗೆ ಇಡೀ ಪಾಳಿಯ ಇಪ್ಪತ್ತುಗಳನ್ನು ಒಟ್ಟಿಗೇ ಬರೆದು ಮುಗಿಸುವವರೂ ಇದ್ದರು. ತಂಗಿ ಅವರಲ್ಲೊಬ್ಬಳು.

ಆ ಮನುಷ್ಯ ಲಾರಿಯಿಂದ ಮೂಟೆ ಇಳಿಸುವವನು. ಮೂಟೆಗಳು ಜರಿದು ಎದೆಯ ಮೇಲೆ ಬಿದ್ದಿದ್ದವು. ಒಂಬತ್ತೂವರೆಗೆ, ಇಂಜೆಕ್ಷನ್ನಿನ ತಟ್ಟೆ ಹಿಡಿದು ಹೋಗುತ್ತಿದ್ದ ಇವಳ ಸೆರಗಿನ ತುದಿ ಹಿಡಿದ.

"ಸಿಸ್ಟರ್, ಉಸಿರು ಸಾಲ್ತಿಲ್ಲ."

"ಒಂದು ನಿಮಿಷ, ಬಂದೆ," ಅಂದಳು ಇವಳು.

ಹೋಗಲಿಲ್ಲ. ಬೇಕು ಅಂತ ಅಲ್ಲ. ಹನ್ನೆರಡನೇ ಮಂಚದವನಿಗೆ ವಾಂತಿ, ಮೂರನೆಯವನಿಗೆ ಆಪರೇಷನ್ನಿನ ಕರೆ, ಇನ್ನೊಬ್ಬನ ಬಾಟಲಿ ಖಾಲಿ. ಹನ್ನೊಂದಕ್ಕೆ ತಿರುಗಿ ನೋಡಿದರೆ ಅವನ ಕೈ ಮಂಚದ ಪಕ್ಕಕ್ಕೆ ಜೋತುಬಿದ್ದಿತ್ತು. ಸಂಜೆ ಫೈಲು ಕಟ್ಟುವಾಗ ಬೆಳಿಗ್ಗೆಯೇ ತುಂಬಿಟ್ಟ ಆ ಎರಡು ಚೌಕ ಕಣ್ಣಿಗೆ ಬಿದ್ದವು. ತನ್ನದೇ ದುಂಡು ಅಕ್ಷರ. ಆಗಿನ ಹಿರಿಯ ಸಿಸ್ಟರು ಹೆಗಲ ಮೇಲಿಂದ ಬಗ್ಗಿ ನೋಡಿ, ಹೋಗಲಿ ಬಿಡು, ಇದನ್ನೆಲ್ಲ ಯಾರು ಓದ್ತಾರೆ ಅಂದರು. ಅವರು ಹೇಳಿದ್ದು ಸರಿಯೇ. ಯಾರೂ ಓದಲಿಲ್ಲ. ಫೈಲು ನೆಲಮಾಳಿಗೆಗೆ ಇಳಿಯಿತು. ಇಪ್ಪತ್ತನಾಲ್ಕು ವರ್ಷ ಇವಳೂ ಬಾಯಿ ಬಿಡಲಿಲ್ಲ.

ಆದರೆ ಮಾರನೆಯ ದಿನದಿಂದ ಎದೆಯ ಮೇಲೆ ಪಿನ್ನು ಹಾಕಿ ಒಂದು ಗಡಿಯಾರ ತೂಗುಹಾಕಿಕೊಂಡಳು, ತಲೆಕೆಳಗಾಗಿ, ತಾನು ಬಗ್ಗಿದರೆ ಮುಳ್ಳು ಕಾಣುವ ಹಾಗೆ. ಪ್ರತಿಯೊಬ್ಬರ ಪಕ್ಕದಲ್ಲೂ ಅರವತ್ತು ಸೆಕೆಂಡು ನಿಲ್ಲತೊಡಗಿದಳು. ಅದರಲ್ಲೂ ಒಂದು ಕಸುಬಿದೆ. ನಿನ್ನ ಉಸಿರು ಎಣಿಸುತ್ತೇನೆ ಅಂತ ಹೇಳಿದಿರೋ, ಉಸಿರು ಹೊಸ ಮದುಮಗಳ ಹಾಗೆ ನಾಚಿಕೊಂಡು ನಡಿಗೆ ಬದಲಿಸುತ್ತದೆ. ಅದಕ್ಕೆ ಮಣಿಕಟ್ಟು ಹಿಡಿದು ನಾಡಿ ನೋಡುವ ನಾಟಕ ಆಡಬೇಕು. ಕೈ ನಾಡಿಯ ಮೇಲೆ, ಕಣ್ಣು ಹೊದಿಕೆಯ ಏರಿಳಿತದ ಮೇಲೆ.

ಹೀಗೇ ಅವಳಿಗೆ ಅರವತ್ತಮ್ಮ ಅಂತ ಹೆಸರು ಬಿತ್ತು. ಐವತ್ತು ದಾಟದ ಹೆಂಗಸನ್ನು ಅರವತ್ತಮ್ಮ ಅಂತ ಕರೆದರೆ ಯಾರಿಗೆ ಹಿತ? ಹೊಸದಾಗಿ ಬಂದ ಗುಮಾಸ್ತನೊಬ್ಬ, ಮೇಡಂ ಇನ್ನೂ ರಿಟೈರ್ ಆಗಿಲ್ವಾ ಅಂತ ಕೇಳಿ ಬೈಸಿಕೊಂಡ. ಗಂಡನೋ ಬಸ್ ಕಂಡಕ್ಟರು. ಒಬ್ಬರು ತಲೆ ಎಣಿಸುವವರು, ಇನ್ನೊಬ್ಬರು ಉಸಿರು ಎಣಿಸುವವರು. ಮಕ್ಕಳಿಬ್ಬರೂ ಲೆಕ್ಕದಲ್ಲಿ ಫೇಲು.

ಐವತ್ತೆರಡಕ್ಕೆ ಅದೇ ವಾರ್ಡಿನ ಯಜಮಾನಿಕೆ ಕೈಗೆ ಬಂತು. ಬಂದ ವಾರವೇ ಹೊಸ ಪದ್ಧತಿ ಶುರು ಮಾಡಿದಳು. ಪಾಳಿ ಬದಲಾಗುವಾಗ ಮೇಜಿನ ಹತ್ತಿರ ಕುಳಿತು ಮಾತಿನಲ್ಲೇ ಮುಗಿಸುವುದು ಬೇಡ. ಹೋಗುವವರು, ಬರುವವರು ಇಬ್ಬರೂ ಮಂಚದಿಂದ ಮಂಚಕ್ಕೆ ನಡೆಯಬೇಕು, ಹೊದಿಕೆ ಸರಿಸಿ ಗಾಯ ನೋಡಬೇಕು, ಪೂರ್ತಿ ಒಂದು ನಿಮಿಷ ಉಸಿರು ಎಣಿಸಬೇಕು. ಉಸಿರು ಮೂವತ್ತು ದಾಟಿತೋ, ಯಾರ ಅಪ್ಪಣೆಯೂ ಬೇಡ, ನೇರ ಡಾಕ್ಟರನ್ನು ಕರೆಯಬೇಕು.

ಬಹಳ ಜನಕ್ಕೆ ಹಿಡಿಸಲಿಲ್ಲ. ಮನೆಗೆ ಹೋಗುವುದು ಅರ್ಧ ಗಂಟೆ ತಡ. ಎಲ್ಲರಿಗಿಂತ ಹೆಚ್ಚು ಗೊಣಗಿದವಳು ಮಿಂಚು. ಅದು ಅಪ್ಪ ಅಮ್ಮ ಇಟ್ಟ ಹೆಸರಲ್ಲ, ಅವಳ ಕೈಚುರುಕಿಗೆ ವಾರ್ಡು ಇಟ್ಟ ಹೆಸರು. ಸಿಕ್ಕದ ನರಕ್ಕೆ ಕತ್ತಲಲ್ಲೂ ಸೂಜಿ ಹಾಕುವವಳು. ಆಯಮ್ಮ ಮನೇಲಿ ಕುಕ್ಕರ್ ಇಟ್ರೂ ವಿಷಲ್ ಎಣಿಸಲ್ಲ, ಕುಕ್ಕರಿನ ಉಸಿರು ಎಣಿಸ್ತಾರೆ ಅಂತ ಮಿಂಚು ಹೇಳಿದ್ದು ಇಡೀ ಆಸ್ಪತ್ರೆ ಸುತ್ತಿ ಇವಳ ಕಿವಿಗೂ ಬಂತು. ಇವಳೂ ನಕ್ಕಳು. ಡಾಕ್ಟರುಗಳು ಮಾತ್ರ ನಗಲಿಲ್ಲ. ಸುಮ್ಮಸುಮ್ಮನೆ ಕರೆಯುತ್ತಾರೆ ಅಂತ ಸೂಪರಿಂಟೆಂಡೆಂಟ್ ಸಾಹೇಬರ ಹತ್ತಿರ ದೂರು ಹೋಯಿತು. ಸಾಹೇಬರು ಅಡ್ಡಗೋಡೆಯ ಮೇಲೆ ದೀಪ ಇಟ್ಟರು. ಒಂದು ತಿಂಗಳು ನೋಡೋಣ, ಉಪಯೋಗ ಕಂಡರೆ ಸರಿ, ಇಲ್ಲದಿದ್ದರೆ ಹಳೇ ದಾರಿ.

ಆ ತಿಂಗಳ ಇಪ್ಪತ್ತಮೂರನೆಯ ದಿನ ನಡೆದದ್ದು ಇದು.

ಏಳನೇ ಮಂಚದಲ್ಲಿ ಗೋಡೆಗೆ ಬಣ್ಣ ಬಳಿಯುವವನೊಬ್ಬ. ಹಿಂದಿನ ದಿನ ಎರಡನೇ ಮಹಡಿಯ ಎತ್ತರಕ್ಕೆ ಕಟ್ಟಿದ್ದ ಸಾರುವೆಯಿಂದ ಜಾರಿ ಬಿದ್ದು ಎಡಪಕ್ಕೆಯ ಮೂರು ಎಲುಬು ಮುರಿದಿದ್ದವು. ಉಗುರಿನ ಸಂದಿಯಲ್ಲಿ ಇನ್ನೂ ಹಸಿರು ಬಣ್ಣ. ಪಕ್ಕದ ಸ್ಟೂಲಿನ ಮೇಲೆ ಹೆಂಡತಿ, ಹೊಲಿಗೆ ಕೆಲಸದವಳು. ಬೆಳಿಗ್ಗೆ ಹತ್ತಕ್ಕೆ ಅರವತ್ತಮ್ಮ ಎಣಿಸಿದಾಗ ಇಪ್ಪತ್ತನಾಲ್ಕು. ಭಯಪಡುವಂಥದ್ದಲ್ಲ, ಆದರೆ ಮರೆಯುವಂಥದ್ದೂ ಅಲ್ಲ. ಹನ್ನೆರಡಕ್ಕೆ ಏಳನೆಯವರನ್ನ ತಪ್ಪದೆ ನೋಡು ಅಂತ ಮಿಂಚುವಿಗೆ ಹೇಳಿ, ಸಾಹೇಬರು ಕರೆದ ಮೀಟಿಂಗಿಗೆ ಹೋದಳು. ಅಲ್ಲಿ ಎರಡು ಗಂಟೆ ಹೊತ್ತು ಅವಳ ಪದ್ಧತಿಯ ಮರಣೋತ್ತರ ಪರೀಕ್ಷೆ ನಡೆಯಿತು, ಅದಿನ್ನೂ ಬದುಕಿರುವಾಗಲೇ.

ವಾಪಸು ಬಂದಾಗ ಒಂದೂಮುಕ್ಕಾಲು. ಬಾಗಿಲಲ್ಲೇ ಹೆಂಡತಿ ಎದುರಾದಳು.

"ಅಕ್ಕ, ಸ್ವಲ್ಪ ನೋಡಿ. ಬೆಳಿಗ್ಗೆ ಚೆನ್ನಾಗಿ ಮಾತಾಡ್ತಿದ್ರು. ಈಗ ಒಂದು ಮಾತನ್ನ ಮೂರು ತುಂಡು ಮಾಡಿ ಹೇಳ್ತಾರೆ. ನೀರು ಅಂತಾರೆ, ನಿಲ್ಲಿಸ್ತಾರೆ, ಆಮೇಲೆ ಕೊಡು ಅಂತಾರೆ."

ಅರವತ್ತಮ್ಮ ಚಾರ್ಟು ಎತ್ತಿಕೊಂಡಳು. ಹನ್ನೆರಡು ಗಂಟೆಗೆ ಉಸಿರು ಇಪ್ಪತ್ತು. ಒಂದು ಕ್ಷಣ ಮನಸ್ಸು ಹಗುರವಾಯಿತು, ಇಳಿದಿದೆಯಲ್ಲ ಅಂತ. ಆಮೇಲೆ ಕಣ್ಣು ಒಂದು ಗೆರೆ ಪಕ್ಕಕ್ಕೆ ಸರಿಯಿತು. ಎರಡು ಗಂಟೆಯ ಚೌಕದಲ್ಲೂ ಇಪ್ಪತ್ತು.

ಗೋಡೆಯ ಗಡಿಯಾರ ನೋಡಿದಳು. ಎದೆಯ ಗಡಿಯಾರ ನೋಡಿದಳು. ಎರಡರಲ್ಲೂ ಎರಡು ಗಂಟೆಗೆ ಇನ್ನೂ ಹದಿನಾಲ್ಕು ನಿಮಿಷ ಬಾಕಿ.

ಇಪ್ಪತ್ತನಾಲ್ಕು ವರ್ಷದ ಹಿಂದಿನ ಆ ಫೈಲೇ ನೆಲಮಾಳಿಗೆಯಿಂದ ಮೆಟ್ಟಿಲು ಹತ್ತಿ ಬಂದು ಎದುರಿಗೆ ನಿಂತ ಹಾಗಾಯಿತು. ಅವಳು ಮಿಂಚುವನ್ನು ಹುಡುಕಲಿಲ್ಲ, ಕೂಗಲಿಲ್ಲ. ಏಳನೆಯವನ ಮಣಿಕಟ್ಟು ಹಿಡಿದು ಬಗ್ಗಿದಳು.

ಹದಿನೈದು ಸೆಕೆಂಡಿಗೆ ಒಂಬತ್ತು. ನಾಲ್ಕರಿಂದ ಗುಣಿಸಿದರೆ ಆಯಿತು, ಓಡಬಹುದು ಅಂತ ಕಾಲು ಹೇಳಿತು. ಅವಳು ಓಡಲಿಲ್ಲ. ಅರ್ಧ ಲೆಕ್ಕ ಹೇಳಿದರೆ ಅರ್ಧ ಮಾತ್ರ ನಂಬುತ್ತಾರೆ ಅಂತ ಗೊತ್ತಿತ್ತು. ಮೂವತ್ತಕ್ಕೆ ಹದಿನೆಂಟು. ಎಡಪಕ್ಕೆ ಸರಿಯಾಗಿ ಏಳುತ್ತಲೇ ಇಲ್ಲ, ಬಲಪಕ್ಕೆ ಒಂದೇ ಇಬ್ಬರ ಕೆಲಸ ಮಾಡುತ್ತಿದೆ. ಕುತ್ತಿಗೆಯ ನರಗಳು ಪ್ರತಿ ಉಸಿರಿಗೂ ಹಗ್ಗದ ಹಾಗೆ ಬಿಗಿಯುತ್ತಿವೆ. ನಲವತ್ತೈದಕ್ಕೆ ಇಪ್ಪತ್ತೆಂಟು. ಹೆಂಡತಿ ಏನೋ ಕೇಳಿದಳು, ಇವಳು ಬೆರಳೆತ್ತಿ ಸುಮ್ಮನಿರಿಸಿದಳು. ಅರವತ್ತಕ್ಕೆ ಮೂವತ್ತೇಳು.

ಅವಳು ಫೋನು ಮಾಡಿದ ಐದು ನಿಮಿಷಕ್ಕೆ ಪಾಳಿಯ ಡಾಕ್ಟರು ಬಂದರು. ಒಳ್ಳೆಯ ಮನುಷ್ಯ, ಆದರೆ ಹಿಂದಿನ ದಿನದಿಂದ ಮಲಗಿಲ್ಲ, ಕಣ್ಣು ಕೆಂಡ. ಬೆರಳಿನ ಯಂತ್ರ ನೋಡಿದರು, ಆಮ್ಲಜನಕದ ಕೊಳವೆ ಹಾಕಿದ್ದರಿಂದ ಅದು ತೊಂಬತ್ನಾಲ್ಕು ತೋರಿಸುತ್ತಿತ್ತು. ಬಿ.ಪಿ. ಪರವಾಗಿಲ್ಲ. ನಾಡಿ ಜೋರಾಗಿದೆ, ಆದರೆ ಎಲುಬು ಮುರಿದವನ ನಾಡಿ ಜೋರಾಗದೆ ಇನ್ನೇನು? ಚಾರ್ಟು ನೋಡಿದರು.

"ಹನ್ನೆರಡಕ್ಕೂ ಇಪ್ಪತ್ತು, ಎರಡಕ್ಕೂ ಇಪ್ಪತ್ತು ಅಂತ ಇದೆಯಲ್ಲ ಸಿಸ್ಟರ್. ನೋವಿಗೆ ಈಗ ಸ್ವಲ್ಪ ಹೆಚ್ಚಾಗಿರುತ್ತೆ. ನೋವಿನ ಇಂಜೆಕ್ಷನ್ ಕೊಡಿ, ಮಲಗ್ತಾರೆ."

ಮಲಗುತ್ತಾನೆ, ಅದು ಅವಳಿಗೂ ಗೊತ್ತಿತ್ತು. ಆ ಮದ್ದು ನೋವಿನ ಜೊತೆ ಉಸಿರನ್ನೂ ಮಂಕು ಮಾಡುವಂಥದ್ದು. ಇವನು ಈಗ ಬದುಕಿರುವುದೇ ಆ ಏದುಸಿರಿನ ಬಲದಿಂದ. ಅದನ್ನೂ ಮಲಗಿಸಿಬಿಟ್ಟರೆ?

ಒಂದು ಮಾತು ಹೇಳಿದರೆ ಡಾಕ್ಟರು ನಿಲ್ಲುತ್ತಾರೆ. ಚಾರ್ಟು ಸುಳ್ಳು ಅಂತ. ಆದರೆ ಆ ಮಾತು ಸಂಜೆಯೊಳಗೆ ಸಾಹೇಬರ ಮೇಜಿನ ಮೇಲಿರುತ್ತದೆ. ಇಪ್ಪತ್ತಮೂರು ದಿನ ಎಣಿಸಿ ಎಣಿಸಿ ಅಂತ ಹಲುಬಿದ ವಾರ್ಡಿನಲ್ಲೇ ಸುಳ್ಳು ಬರೆಯುತ್ತಾರಂತೆ ಅಂದರೆ ಪದ್ಧತಿ ಅಲ್ಲಿಗೆ ಮುಗಿಯಿತು. ಮಿಂಚುವಿನ ಕೆಲಸಕ್ಕೂ ಸಂಚಕಾರ. ಮಿಂಚು ಅಷ್ಟರಲ್ಲಿ ಎಂಟನೇ ಮಂಚದ ಹತ್ತಿರ ಬಂದು ನಿಂತಿದ್ದಳು.

ಏಳನೆಯವನು ಕಣ್ಣು ತೆರೆದು ಇವಳ ಸೆರಗು ಹಿಡಿದ.

"ಸಿಸ್ಟರ್... ಉಸಿರು..." ಅಂದ. ಮುಂದಿನ ತುಂಡು ಬರಲಿಲ್ಲ.

"ಆ ಇಪ್ಪತ್ತು ಸುಳ್ಳು, ಡಾಕ್ಟ್ರೇ," ಅಂದಳು ಅರವತ್ತಮ್ಮ. "ನನ್ನ ವಾರ್ಡಿನ ಸುಳ್ಳು, ನನ್ನ ಹೆಸರಿಗೇ ಬರ್ಕೊಳ್ಳಿ. ಈಗಿನ್ನೂ ಎರಡು ಗಂಟೆಯೇ ಆಗಿಲ್ಲ, ನೋಡಿ. ಇಂಜೆಕ್ಷನ್ ನಾನು ಕೊಡಲ್ಲ. ಇವರ ಕೈ ಹಿಡ್ಕೊಂಡು ನನ್ನ ಜೊತೆ ಒಂದು ನಿಮಿಷ ಎಣಿಸಿ. ಆಮೇಲೆ ನೀವು ಹೇಳಿದ ಹಾಗೆ."

ಡಾಕ್ಟರು ಗಡಿಯಾರ ನೋಡಿದರು, ಚಾರ್ಟು ನೋಡಿದರು, ಇವಳ ಮುಖ ನೋಡಿದರು. ಹುಬ್ಬು ಗಂಟಿಕ್ಕಿತು. ಸ್ಟೂಲು ಎಳೆದು ಕುಳಿತರು.

ಒಂದು ನಿಮಿಷ ಅಂದರೆ ಎಷ್ಟು ಉದ್ದ ಅಂತ ಗೊತ್ತಾ ನಿಮಗೆ? ಬಸ್ಸಿಗೆ ಕಾಯುವವನನ್ನು ಕೇಳಬೇಡಿ, ಅವನು ಸುಳ್ಳು ಹೇಳುತ್ತಾನೆ. ಏಳನೆಯವನ ಹೆಂಡತಿಯನ್ನು ಕೇಳಬೇಕು. ಮಂಚದ ಕಂಬಿ ಹಿಡಿದು ನಿಂತಿದ್ದಳು, ಕಂಬಿ ಅವಳ ಕೈಯಲ್ಲಿ ಕಟಕಟ ಸದ್ದು ಮಾಡುತ್ತಿತ್ತು. ಡಾಕ್ಟರ ತುಟಿ ಅಲ್ಲಾಡುತ್ತಿತ್ತು. ಇಪ್ಪತ್ತಕ್ಕೆ ಬಂದಾಗ ಮುಳ್ಳು ಇನ್ನೂ ಅರ್ಧ ಸುತ್ತನ್ನೂ ಮುಟ್ಟಿರಲಿಲ್ಲ. ಅವರ ಬೆನ್ನು ನೆಟ್ಟಗಾಯಿತು. ಮೂವತ್ತು. ಮೂವತ್ತೈದು. ಮುಳ್ಳು ಮೇಲೆ ಬಂದಾಗ ನಲವತ್ತು.

ಡಾಕ್ಟರು ಎಡಪಕ್ಕೆಗೆ ಸ್ಟೆತೊಸ್ಕೋಪ್ ಇಟ್ಟು ಕೇಳಿದರು. ಬೆರಳಿಂದ ತಟ್ಟಿದರು. ಬಲಗಡೆ ಖಾಲಿ ಡಬ್ಬದ ಸದ್ದು, ಎಡಗಡೆ ತುಂಬಿದ ಮೂಟೆಯ ಸದ್ದು. ಎದೆಯೊಳಗೆ ರಕ್ತ ತುಂಬಿತ್ತು. ಮುರಿದ ಎಲುಬು ಒಳಗೆ ಯಾವುದೋ ನರ ಸೀಳಿತ್ತು, ಬೆಳಗಿನಿಂದ ಹನಿಹನಿಯಾಗಿ ಸೋರಿದ ರಕ್ತ ಶ್ವಾಸಕೋಶವನ್ನು ಮೂಲೆಗೆ ಒತ್ತಿತ್ತು.

ಆಮೇಲಿನದು ಓಟ. ದೊಡ್ಡ ಡಾಕ್ಟರು ಆಪರೇಷನ್ ಕೋಣೆಯಲ್ಲಿ. ಅವರು ಬರುವವರೆಗೆ ಕಾದರೆ ಆಗುವುದಿಲ್ಲ ಅಂತ ಈ ಡಾಕ್ಟರೇ ಕೈಗವಸು ಹಾಕಿದರು. ರಕ್ತದ ಬಾಟಲಿಗೆ ಒಬ್ಬರು ಓಡಿದರು. ಎರಡನೇ ಸೂಜಿ ಹಾಕಬೇಕು, ನರ ಒಣಗಿದ ಕಾಲುವೆಯ ಹಾಗೆ ಒಳಸೇರಿದೆ, ಯಾರ ಕೈಗೂ ಸಿಕ್ಕುತ್ತಿಲ್ಲ.

"ಮಿಂಚು, ಬಾ ಇಲ್ಲಿ," ಅಂದಳು ಅರವತ್ತಮ್ಮ.

ಮಿಂಚು ಬಂದಳು. ಮೊದಲ ಚುಚ್ಚು ತಪ್ಪಿತು. ಅರವತ್ತಮ್ಮ ರೋಗಿಯ ಮೊಣಕೈ ಹಿಡಿದು ಕೊಟ್ಟಳು. ಎರಡನೆಯದು ನೆಟ್ಟಗೆ ಹೋಯಿತು. ಅಷ್ಟರಲ್ಲಿ ಡಾಕ್ಟರು ಪಕ್ಕೆ ಸೀಳಿ ಹೆಬ್ಬೆರಳು ದಪ್ಪದ ಕೊಳವೆ ಇಳಿಸಿದ್ದರು. ಕೆಳಗಿಟ್ಟ ಬಾಟಲಿಗೆ ಕಪ್ಪು ಕೆಂಪು ರಕ್ತ ಸುರಿಯಿತು, ಒಂದು ಲೀಟರು, ಇನ್ನೂ ಸ್ವಲ್ಪ. ಅರವತ್ತಮ್ಮ ಮಾತ್ರ ಬಾಟಲಿ ನೋಡಲಿಲ್ಲ, ಬಗ್ಗಿ ಎದೆಯ ಗಡಿಯಾರದ ಮುಳ್ಳು ನೋಡುತ್ತಿದ್ದಳು. ಮೂವತ್ತಾರು. ಸ್ವಲ್ಪ ಹೊತ್ತಿಗೆ ಮೂವತ್ತು. ಅರ್ಧ ಗಂಟೆಗೆ ಇಪ್ಪತ್ತಾರು. ದೊಡ್ಡ ಡಾಕ್ಟರು ಬಂದು ಆಪರೇಷನ್ನಿಗೆ ಕರೆದುಕೊಂಡು ಹೋಗುವಾಗ ಏಳನೆಯವನು ಹೆಂಡತಿಗೆ ಹೇಳಿದ, "ಬಣ್ಣದ ಡಬ್ಬ ಮುಚ್ಚಳ ಹಾಕಿಲ್ಲ, ಒಣಗಿಹೋಗುತ್ತೆ, ಮೇಸ್ತ್ರಿಗೆ ಹೇಳು." ಒಂದೇ ಉಸಿರಿನಲ್ಲಿ, ತುಂಡಾಗದೆ. ಹೆಂಡತಿ ಅಳುತ್ತಲೇ ಬೈದಳು, ಡಬ್ಬದ ಮನೆ ಹಾಳಾಗಲಿ ಅಂತ.

ಮಿಂಚು ಬಟ್ಟೆಗಳ ಕೋಣೆಯಲ್ಲಿ ಚಾದರಗಳ ಅಟ್ಟಿಗೆ ಮುಖ ಒತ್ತಿ ನಿಂತಿದ್ದಳು. ಬೈಗುಳಕ್ಕೆ ಕಾದು ನಿಂತ ಬೆನ್ನು. ಅರವತ್ತಮ್ಮ ಬಾಗಿಲು ಮುಂದೆ ಮಾಡಿಕೊಂಡಳು. ಮೂಟೆ ಇಳಿಸುವವನ ಕಥೆ ಇಪ್ಪತ್ತನಾಲ್ಕು ವರ್ಷದಲ್ಲಿ ಮೊದಲ ಸಲ ಬಾಯಿಂದ ಹೊರಗೆ ಬಂತು, ಸತ್ತವನು ಉಸಿರಾಡಿದ ಮೂರು ಗಂಟೆಯ ಸಮೇತ. ಮಿಂಚು ತಿರುಗಿದಳು.

"ಅವರ ಮನೆಯವರಿಗೆ ಗೊತ್ತಾ?"

"ಇಲ್ಲ," ಅಂದಳು ಅರವತ್ತಮ್ಮ. ಆಮೇಲೆ ಕೇಳಿದಳು, "ಚೌಕ ಖಾಲಿ ಯಾಕೆ ಬಿಡಲಿಲ್ಲ ನೀನು? ಎಣಿಸೋಕೆ ಆಗಲಿಲ್ಲ ಅಂದ್ರೆ ಖಾಲಿ ಬಿಡಬೇಕಿತ್ತು. ಖಾಲಿ ಕಂಡಿದ್ರೆ ನಾನೋ ಇನ್ಯಾರೋ ಬಂದು ನೋಡ್ತಿದ್ವಿ."

"ಖಾಲಿ ಬಿಟ್ರೆ ಸಾಹೇಬ್ರು ರೌಂಡ್ಸಿನಲ್ಲಿ ಕೆಂಪು ಪೆನ್ನಲ್ಲಿ ಸುತ್ತು ಹಾಕಿ, ಎಲ್ಲರೆದುರು ಬೈತಾರಲ್ಲ ಮೇಡಂ. ಇಪ್ಪತ್ತು ಅಂತ ಬರೆದೋರಿಗೆ ಇವತ್ತಿನವರೆಗೆ ಯಾರಾದ್ರೂ ಬೈದಿದ್ದಾರಾ?"

ಎಣಿಸಿ ಎಣಿಸಿ ಅಂತ ಗಂಟಲು ಹರಿದುಕೊಂಡ ಅರವತ್ತಮ್ಮ ಅದೊಂದನ್ನು ಯೋಚಿಸಿಯೇ ಇರಲಿಲ್ಲ. ಇಪ್ಪತ್ತನಾಲ್ಕು ವರ್ಷದ ಹಿಂದೆ ತಾನು ಇಪ್ಪತ್ತು ತುಂಬಿದ್ದೂ ಅಂಥದೇ ಕೆಂಪು ಪೆನ್ನಿನ ಹೆದರಿಕೆಗೆ.

ಸಂಜೆ ಸಾಹೇಬರು ವರದಿ ಕೇಳಿದರು. ಅರವತ್ತಮ್ಮ ಎರಡು ಪುಟ ಬರೆದಳು. ಮೊದಲ ಪುಟದಲ್ಲಿ ಏಳನೆಯವನು. ಎರಡನೆಯದರಲ್ಲಿ ಮೂಟೆ ಇಳಿಸುವವನು, ದಿನಾಂಕ ಸಮೇತ, ಕೆಳಗೆ ಅದೇ ದುಂಡು ಸಹಿ. ಕೊನೆಗೆ ಒಂದು ಬೇಡಿಕೆ: ನನ್ನ ವಾರ್ಡಿನಲ್ಲಿ ಖಾಲಿ ಚೌಕಕ್ಕೆ ಯಾರೂ ಬೈಯಬಾರದು, ಖಾಲಿ ಕಂಡವರು ತಾವೇ ನಿಂತು ಎಣಿಸಬೇಕು, ಸಾಹೇಬರಾದರೂ ಸರಿ.

ಸಾಹೇಬರು ಓದಿದರು, ಎರಡನೇ ಪುಟವನ್ನು ಎರಡು ಸಲ ಓದಿದರು. ಇದನ್ನ ಬರೀದೇ ಇದ್ರೂ ಆಗ್ತಿತ್ತು ಅಂದರಂತೆ. ಆಗ್ತಿತ್ತು ಸರ್ ಅಂದಳಂತೆ ಇವಳು. ಮಿಂಚುವಿಗೊಂದು ಮೆಮೊ ಬಂತು, ಇವಳಿಗೊಂದು ಬಂತು. ಇವಳು ಅದನ್ನು ನಾಲ್ಕಾಗಿ ಮಡಿಸಿ ಗಡಿಯಾರದ ಪೆಟ್ಟಿಗೆಯಲ್ಲಿ ಇಟ್ಟುಕೊಂಡಳು. ಆಮೇಲೆ ರಜಾ ಹಾಕಿ ಆ ಮೂಟೆಯವನ ಹಳೇ ವಿಳಾಸ ಹುಡುಕಿಕೊಂಡು ಮೂರು ಸಲ ಹೋದಳು. ಬೀದಿ ಸಿಕ್ಕಿತು, ಮನೆ ಸಿಕ್ಕಲಿಲ್ಲ. ಈಗಲೂ ಆ ಮಾತು ಎತ್ತಿದರೆ ಎದ್ದು ಒಳಗೆ ಹೋಗುತ್ತಾಳೆ.

ಪದ್ಧತಿ ಮಾತ್ರ ಉಳಿಯಿತು. ಮಾರನೆಯ ವಾರ ರೌಂಡ್ಸಿನಲ್ಲಿ ಸಾಹೇಬರಿಗೆ ಹನ್ನೊಂದನೇ ಮಂಚದಲ್ಲಿ ಒಂದು ಖಾಲಿ ಚೌಕ ಸಿಕ್ಕಿತು. ಕೆಂಪು ಪೆನ್ನು ಜೇಬಿನಿಂದ ಅರ್ಧ ಬಂದಿತ್ತು. ಇಡೀ ವಾರ್ಡು ನೋಡುತ್ತಿದೆ, ಮಿಂಚು ಕೈಕಟ್ಟಿ ನಿಂತಿದ್ದಾಳೆ. ಸಾಹೇಬರು ಪೆನ್ನು ಒಳಗೆ ಹಾಕಿ ಬಗ್ಗಿ ರೋಗಿಯ ಕೈ ಹಿಡಿದರು. ಇಪ್ಪತ್ತು ಸೆಕೆಂಡಿಗೆ ಬಿಟ್ಟು ಎದ್ದೇಳಲು ಹೊರಟರು. "ಇನ್ನೂ ನಲವತ್ತು ಇದೆ ಸರ್," ಅಂದಳಂತೆ ಮಿಂಚು.

ಇದರಲ್ಲಿ ಎಲ್ಲಿದೆ ಸುಳ್ಳು, ತೋರಿಸಿ. ಆ ಬಣ್ಣದವನು ಇದ್ದಾನಲ್ಲ, ಅವನು ಆಮೇಲೆ ಒಂದೇ ದಿನದಲ್ಲಿ ಏಳು ಮಹಡಿಗೆ, ಒಂದೇ ಕುಂಚದಲ್ಲಿ...

"ಅಣ್ಣಾ, ಏಳು ಮಹಡಿ ಸಾಕು. ತಟ್ಟೆ ಹಾಕಿದೀನಿ, ಬಾ. ಬಂದೋರನ್ನೂ ಕರ್ಕೊಂಡು ಬಾ."

ಕೇಳಿತಲ್ಲ? ಅವಳೇ. ಏಳಿ, ಏಳಿ, ಕೈ ತೊಳೆಯಿರಿ. ಅಯ್ಯೋ, ಒಂದು ನಿಮಿಷ ಬಂದೆ ಅಂತ ಮಾತ್ರ ಅನ್ನಬೇಡಿ ಮಾರಾಯರೇ, ಈ ಮನೆಯಲ್ಲಿ ಆ ಮಾತು ಯಾರೂ ಆಡುವುದಿಲ್ಲ. ಬಂದರೆ ಬರುವುದು, ಇಲ್ಲದಿದ್ದರೆ ಬರುವುದಿಲ್ಲ ಅನ್ನುವುದು, ಅಷ್ಟೇ. ನಡೀರಿ.